ಅಮೆರಿಕದ ಅಧ್ಯಕ್ಷರು ಮಧ್ಯದಲ್ಲೇ ಹೋದರೆ ಉಪಾಧ್ಯಕ್ಷರು ಎಷ್ಟು ದಿನ?

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಮತ್ತೆ ಚುನಾವಣೆ ನಡೆಯಲ್ವಾ?

ಉತ್ತರ: ಇಲ್ಲ. ಮೂರೂಮುಕ್ಕಾಲು ವರ್ಷ ಬಾಕಿ ಇದ್ದರೂ ಪೂರ್ತಿ ಉಪಾಧ್ಯಕ್ಷರದ್ದೇ.

ನಮಗೆ ಇದು ವಿಚಿತ್ರ ಅನ್ನಿಸೋದು ಸಹಜ. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಬಂದರು. ಆರು ತಿಂಗಳೊಳಗೆ ಹೊಸಬರನ್ನು ಆರಿಸಲೇಬೇಕು ಅಂತ ನಮ್ಮ ಸಂವಿಧಾನದಲ್ಲೇ ಇದೆ.

ಅಮೆರಿಕದ ಸಂವಿಧಾನ ಮೊದಲು ಇಷ್ಟು ಸ್ಪಷ್ಟವಾಗಿರಲಿಲ್ಲ. 1841ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರಕ್ಕೆ ಬಂದ ಒಂದೇ ತಿಂಗಳಿಗೆ ತೀರಿಕೊಂಡರು. ಉಪಾಧ್ಯಕ್ಷ ಜಾನ್ ಟೈಲರ್‌ಗೆ ಸಿಗೋದು ಕುರ್ಚಿಯೋ, ಬರೀ ಕೆಲಸವೋ ಅಂತ ದೊಡ್ಡ ಜಗಳವೇ ಆಯಿತು. ಟೈಲರ್ ಜಗ್ಗಲಿಲ್ಲ. ಸೀದಾ ಪ್ರಮಾಣವಚನ ತೆಗೆದುಕೊಂಡರು, 'ಹಂಗಾಮಿ ಅಧ್ಯಕ್ಷರಿಗೆ' ಅಂತ ಬರೆದು ಬಂದ ಕಾಗದಗಳನ್ನು ಒಡೆಯದೆ ವಾಪಸ್ ಕಳಿಸಿದರಂತೆ. ಒಬ್ಬರ ಹಟ ಇಡೀ ದೇಶದ ರೂಢಿಯಾಯಿತು. ಅದು ಸಂವಿಧಾನದೊಳಗೆ ಸೇರಿದ್ದು ಮಾತ್ರ 1967ರಲ್ಲಿ, 25ನೇ ತಿದ್ದುಪಡಿಯಾಗಿ.

ನನ್ನ ಪ್ರಕಾರ ಇದರಲ್ಲಿ ಅನ್ಯಾಯವೇನೂ ಇಲ್ಲ. ಜನ ಮತ ಹಾಕೋದೇ ಜೋಡಿಗೆ. ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಅಂತ ಬೇರೆ ಬೇರೆ ಹಾಕೋಕೆ ಬರಲ್ಲ. ಆ ಮತದ ಮೇಲೆ ರಾಜ್ಯಗಳಿಂದ ಬರುವ 538 ಎಲೆಕ್ಟರ್‌ಗಳಲ್ಲಿ, ಅಂದರೆ ಜನರ ಪರವಾಗಿ ಮತ ಹಾಕುವ ಪ್ರತಿನಿಧಿಗಳಲ್ಲಿ, 270 ಸಿಕ್ಕರೆ ಇಬ್ಬರೂ ಗೆದ್ದಂತೆ.

ಹಾಗಾದರೆ ಮಧ್ಯದಲ್ಲಿ ಬಂದವರು ಆಮೇಲೆ ಎಷ್ಟು ಸಲ ಗೆಲ್ಲಬಹುದು? ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ, 1951ರಲ್ಲಿ, ಎರಡೇ ಸಲ ಅಂತ ಮಿತಿ ಬಂತು. ಜೊತೆಗೊಂದು ಲೆಕ್ಕವೂ ಇದೆ: ಇನ್ನೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಕೂತಿದ್ದರೆ ಆಮೇಲೆ ಒಂದೇ ಗೆಲುವು, ಇಲ್ಲವಾದರೆ ಎರಡು. ಅಂದರೆ ಹೆಚ್ಚೆಂದರೆ 10 ವರ್ಷ.

1963ರ ನವೆಂಬರ್‌ನಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಉಳಿದಿದ್ದು 14 ತಿಂಗಳು ಅಷ್ಟೇ. ಹಾಗಾಗಿ ಅವರ ಜಾಗಕ್ಕೆ ಬಂದು 1964ರಲ್ಲಿ ಗೆದ್ದ ಉಪಾಧ್ಯಕ್ಷ ಲಿಂಡನ್ ಜಾನ್ಸನ್‌ಗೆ 1968ರಲ್ಲೂ ದಾರಿ ತೆರೆದೇ ಇತ್ತು, ಅವರೇ ಬೇಡ ಅಂದರು. ಜೆರಾಲ್ಡ್ ಫೋರ್ಡ್ ಕಥೆಯೇ ಬೇರೆ. ಉಪಾಧ್ಯಕ್ಷ ಆ್ಯಗ್ನ್ಯೂ 1973ರಲ್ಲಿ ರಾಜೀನಾಮೆ ಕೊಟ್ಟಾಗ ಅಧ್ಯಕ್ಷ ನಿಕ್ಸನ್ ಆ ಜಾಗಕ್ಕೆ ಫೋರ್ಡ್ ಹೆಸರು ಸೂಚಿಸಿದರು, ಸಂಸತ್ತಿನ ಎರಡೂ ಸದನ ಒಪ್ಪಿದವು. 1974ರ ಆಗಸ್ಟ್‌ನಲ್ಲಿ ನಿಕ್ಸನ್ ಕೂಡ ರಾಜೀನಾಮೆ ಕೊಟ್ಟರು, ಫೋರ್ಡ್ ಅಧ್ಯಕ್ಷರಾದರು. ಜೋಡಿಗೆ ಮತ ಅಂದೆನಲ್ಲ, ಫೋರ್ಡ್‌ಗೆ ಆ ಮತವೂ ಬಿದ್ದಿರಲಿಲ್ಲ. ಉಳಿದಿದ್ದು ಎರಡೂವರೆ ವರ್ಷದ ಹತ್ತಿರ, ಹಾಗಾಗಿ ಮುಂದೆ ಒಂದೇ ಗೆಲುವಿಗೆ ಅವಕಾಶ. 1976ರಲ್ಲಿ ಜಿಮ್ಮಿ ಕಾರ್ಟರ್ ಅದನ್ನೂ ಕೊಡಲಿಲ್ಲ.