ವಾದ್ಯ ಹಳೇದಾದಷ್ಟೂ ಬೆಲೆ ಏರುತ್ತಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಹತ್ತು ವರ್ಷದ ಹಿಂದೆ ತೊಗೊಂಡ ಗಿಟಾರ್ ಮನೆಯಲ್ಲಿದೆ. ಈಗ ಮಾರಿದರೆ ಎಷ್ಟು ಬರಬಹುದು? ವಾದ್ಯ ಹಳೇದಾದಷ್ಟೂ ಬೆಲೆ ಏರುತ್ತೆ ಅಂತಾರಲ್ಲ, ಇನ್ನೊಂದಷ್ಟು ವರ್ಷ ಇಟ್ಟುಕೊಳ್ಳಲಾ?

ಈ ಪ್ರಶ್ನೆ ನನಗೆ ಹೊಸದಲ್ಲ. ಗಿಟಾರ್ ಇದ್ದ ಜಾಗದಲ್ಲಿ ಒಮ್ಮೆ ಪಿಟೀಲು, ಒಮ್ಮೆ ಕೀಬೋರ್ಡ್, ಒಮ್ಮೆ ತಾತನ ಹಾರ್ಮೋನಿಯಂ ಬಂದು ಕೂರುತ್ತದೆ, ಅಷ್ಟೇ. ಆ ಕೊನೆಯ ಸಾಲು ಮಾತ್ರ ಯಾವತ್ತೂ ಬದಲಾಗಿಲ್ಲ. ಮೊದಲ ಭಾಗಕ್ಕೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ಆ ಕೊನೆಯ ಸಾಲಿಗೆ ಸ್ವಲ್ಪ ಪುರುಸೊತ್ತು ಬೇಕು.

ಹೆಸರಿರುವ ಕಂಪನಿಯ ಗಿಟಾರ್ ಆಗಿದ್ದು, ಚೆನ್ನಾಗಿ ನೋಡಿಕೊಂಡಿದ್ದರೆ, ಹೊಸದರ ಬೆಲೆಯಲ್ಲಿ ಅರ್ಧದಷ್ಟು ಕೇಳುವುದು ನ್ಯಾಯ. ಅದಕ್ಕಿಂತ ಮೇಲೆ ಬಂದರೆ ಖುಷಿಪಡಿ. ದೊಡ್ಡ ಇಳಿತವೆಲ್ಲ ಮೊದಲ ಸಲ ಕೈ ಬದಲಾಯಿಸುವಾಗಲೇ ಆಗಿಬಿಡುತ್ತದೆ. ಆಮೇಲೆ ಬೆಲೆ ಬಹಳ ವರ್ಷ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಕೊಂಡವರು ಮಾರುವಾಗ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಅವರ ಪಾಲಿನ ಪೆಟ್ಟನ್ನು ಮೊದಲು ಕೊಂಡವರು ತಿಂದಾಗಿರುತ್ತದೆ. ತೀರಾ ಅಗ್ಗದ ಗಿಟಾರ್ ಆದರೆ ಲೆಕ್ಕವೇ ಬೇಡ, ಅದನ್ನು ಸರಿಮಾಡುವ ಖರ್ಚು ಅದರ ಬೆಲೆಯನ್ನು ದಾಟುತ್ತದೆ. ಕೀಬೋರ್ಡ್‌ಗಳ ಗತಿ ಮೊಬೈಲ್ ಫೋನಿನದ್ದೇ. ಹೊಸ ಮಾಡೆಲ್ ಬಂದ ದಿನ ಹಳೇದು ಬಡವಾಗುತ್ತದೆ. ತಬಲ, ಮೃದಂಗ ಕೊಳ್ಳುವವರು ಮರ ನೋಡುತ್ತಾರೆ, ಮುಚ್ಚಿಗೆ ಹೇಗೂ ಬದಲಿಸುವಂಥದ್ದು ಅಂತ ಅವರಿಗೂ ಗೊತ್ತು.

ಈಗ ಆ ಸಾಲಿಗೆ ಬರೋಣ. ಹಳೇದಾದಷ್ಟೂ ಬೆಲೆ ಏರುತ್ತೆ.

ಏರುವುದಿಲ್ಲ. ವಯಸ್ಸೊಂದೇ ಯಾವ ವಾದ್ಯಕ್ಕೂ ಬೆಲೆ ತಂದುಕೊಟ್ಟಿಲ್ಲ.

ಈ ನಂಬಿಕೆಯ ಬೇರು ಎಲ್ಲಿದೆ ಅಂತ ನನಗೆ ಗೊತ್ತು. ಇಟಲಿಯ ಕ್ರೆಮೋನಾದಲ್ಲಿದೆ. ಅಲ್ಲಿ ಪಿಟೀಲು ಮಾಡುತ್ತಿದ್ದ ಆಂಟೋನಿಯೊ ಸ್ಟ್ರಾಡಿವೇರಿ 1737ರಲ್ಲಿ ತೀರಿಕೊಂಡ. ಅವನ ಕೈಯ ವಾದ್ಯಗಳಲ್ಲಿ ಇವತ್ತು ಉಳಿದಿರುವುದು ಸುಮಾರು 650. ಅವು ಹರಾಜಿಗೆ ಬಂದಾಗಲೆಲ್ಲ ಸುದ್ದಿಯಾಗುತ್ತದೆ. ಸುದ್ದಿ ಓದಿದವರು ಅಟ್ಟ ಹತ್ತುತ್ತಾರೆ. ಧೂಳು ಹಿಡಿದ ಪಿಟೀಲೊಂದು ಕೆಳಗಿಳಿಯುತ್ತದೆ.

ಒಂದು ಸಂಜೆ ಒಬ್ಬರು ಹಾಗೆಯೇ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಬಾಗಿಲು ಹಾಕಬಹುದಾ ಅಂತ ಕೇಳಿದರು. ಹಾಕಿದೆ. ಟಾರ್ಚ್ ಹಿಡಿದು ಪಿಟೀಲಿನ ಎಡಗಡೆಯ ಸೀಳಿನೊಳಗೆ ಇಣುಕಿದರೆ, ಹಳದಿ ಕಾಗದದ ಚೀಟಿ. ಲ್ಯಾಟಿನ್‌ನಲ್ಲಿ ಸ್ಟ್ರಾಡಿವೇರಿಯ ಹೆಸರು, ಊರು ಕ್ರೆಮೋನಾ, ಕೆಳಗೆ 1721. ಅವರ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಟಾರ್ಚನ್ನು ಸ್ವಲ್ಪ ಓರೆ ಮಾಡಿದೆ. ಚೀಟಿಯ ತುದಿಯಲ್ಲಿ ಇರುವೆ ಗಾತ್ರದ ಅಕ್ಷರ: ಮೇಡ್ ಇನ್ ಜರ್ಮನಿ.

ಇದು ಮೋಸವೂ ಅಲ್ಲ ಅನ್ನಿ. 19ನೇ ಶತಮಾನದ ಕೊನೆ, 20ನೆಯದರ ಶುರುವಿನಲ್ಲಿ ಜರ್ಮನಿಯ ಮಾರ್ಕ್‌ನೊಯ್‌ಕಿರ್ಶನ್, ಫ್ರಾನ್ಸಿನ ಮಿರೆಕೂರ್ ತರಹದ ಊರುಗಳಿಂದ ಪಿಟೀಲುಗಳು ರಾಶಿರಾಶಿಯಾಗಿ ಹೊರಟವು. ಸ್ಟ್ರಾಡಿವೇರಿಯ ಅಳತೆಗೆ ಮಾಡಿದ್ದು ಅಂತ ತಿಳಿಸಲು ಅವನ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಆಗಿನ ಗಿರಾಕಿಗೆ ಅದು ಗೊತ್ತಿತ್ತು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾಯಿದೆ ಮಾಡಿದ ಮೇಲೆ, ಮಹಾನುಭಾವನ ಹೆಸರಿನ ಕೆಳಗೇ ಜರ್ಮನಿಯೂ ಬಂದು ಕೂತಿತು. ಮರೆತವರು ನಾವು, ಮೊಮ್ಮಕ್ಕಳು. ಚೀಟಿ ಇರುವುದರಿಂದ ಒಂದೇ ಒಂದು ವಿಷಯ ಸಾಬೀತಾಗುತ್ತದೆ: ಯಾರೋ ಚೀಟಿ ಅಂಟಿಸಿದ್ದಾರೆ.

"ಆದ್ರೂ ಮರ ಹಣ್ಣಾದಷ್ಟೂ ನಾದ ಚೆನ್ನಾಗಿರುತ್ತೆ ಅಲ್ವಾ ಸಾರ್?" ಇದು ಮುಂದಿನ ಮಾತು, ಯಾವಾಗಲೂ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಇದನ್ನೇ ಪರೀಕ್ಷೆಗೆ ಇಟ್ಟರು. 21 ಪಿಟೀಲು ವಾದಕರು. ಮೂರು ಹೊಸ ಪಿಟೀಲು, ಮೂರು ಹಳೇದು. ಹಳೇದರಲ್ಲಿ ಎರಡು ಸ್ಟ್ರಾಡಿವೇರಿಯವು, ಒಂದು ಅದೇ ಕ್ರೆಮೋನಾದ ಗ್ವಾರ್ನೇರಿ ಅನ್ನುವವನದು. ಕೋಣೆಯಲ್ಲಿ ಮಬ್ಬು ಬೆಳಕು, ವಾದಕರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕನ್ನಡಕ. ಹಳೇ ಮರದ ವಾಸನೆ ಗುಟ್ಟು ಬಿಟ್ಟುಕೊಟ್ಟೀತು ಅಂತ ಗಲ್ಲದ ಪಟ್ಟಿಯ ಕೆಳಗೆ ಒಂದೊಂದು ಹನಿ ಸೆಂಟು ಕೂಡ ಹಾಕಿದ್ದರು! ಮನೆಗೆ ಒಯ್ಯಲು ಯಾವುದು ಬೇಕು ಅಂದಾಗ ಹೆಚ್ಚಿನವರು ಆರಿಸಿದ್ದು ಹೊಸದನ್ನು. ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದು ಒಂದು ಸ್ಟ್ರಾಡಿವೇರಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂತೋಷವಾಗುತ್ತದೆ, ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಆ ಪಿಟೀಲುಗಳಿಗೆ ಅಷ್ಟು ಬೆಲೆ ಯಾಕೆ? ಕಡಿಮೆ ಇವೆ, ಬೇಕೆನ್ನುವವರು ಜಾಸ್ತಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಇದೆ. ಮುನ್ನೂರು ವರ್ಷ ಅವು ಸುಮ್ನೆ ಪೆಟ್ಟಿಗೆಯಲ್ಲಿ ಮಲಗಿಯೂ ಇರಲಿಲ್ಲ. ಬಹುಪಾಲು ಎಲ್ಲಕ್ಕೂ ಹೊಸ ಕತ್ತು ಕೂರಿಸಿದ್ದಾರೆ, ಒಳಗಿನ ಪಟ್ಟಿ ಬದಲಿಸಿದ್ದಾರೆ. ಅದೇ ಕಾಲದ ಕಳಪೆ ಪಿಟೀಲುಗಳು ಎಲ್ಲಿ ಹೋದವು ಅಂತ ಯಾರೂ ಕೇಳುವುದಿಲ್ಲ. ಒಲೆಗೆ ಹೋದವು.

ವಯಸ್ಸು ನಿಜವಾಗಿ ಏನು ಮಾಡುತ್ತದೆ ಅಂತ ನೋಡಬೇಕಾದರೆ ಪಿಯಾನೊ ನೋಡಿ. 88 ಮನೆ, ಸುಮಾರು 230 ತಂತಿ, ಎಲ್ಲ ಸೇರಿ ಹದಿನೆಂಟಿಪ್ಪತ್ತು ಟನ್ ಎಳೆತ. ಹಗಲೂ ರಾತ್ರಿ, ಯಾರೂ ನುಡಿಸದಿದ್ದರೂ. ತಂತಿ ಬಿಗಿಯುವ ಮೊಳೆಗಳು ಮರದಲ್ಲಿ ಹಿಡಿತ ಕಳೆದುಕೊಂಡವು ಅಂದರೆ ಶ್ರುತಿ ನಿಲ್ಲುವುದಿಲ್ಲ. ಆಮೇಲೆ "ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಅನ್ನುವವರು ಕೂಡ ಸಾಗಣೆಯ ಖರ್ಚು ಕೇಳಿ ಜಾರಿಕೊಳ್ಳುತ್ತಾರೆ. ನಿಮ್ಮ ಗಿಟಾರಿನ ಆರು ಸ್ಟೀಲ್ ತಂತಿಗಳೂ ಸೇರಿ ಎಪ್ಪತ್ತು ಕಿಲೋ ಆಸುಪಾಸು ಎಳೆಯುತ್ತಿವೆ. ಅಂದರೆ ಒಬ್ಬ ಆಳು ಹತ್ತು ವರ್ಷದಿಂದ ಅದರ ಕತ್ತಿಗೆ ಜೋತುಬಿದ್ದ ಹಾಗೆ. ಕತ್ತು ನಿಧಾನವಾಗಿ ಮುಂದಕ್ಕೆ ಬಾಗುತ್ತದೆ, ತಂತಿ ಫ್ರೆಟ್‌ನಿಂದ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ, ಮೇಲೇಳುತ್ತದೆ, ಬೆರಳು ನೋಯುತ್ತದೆ. ಇನ್ನೂ ಸ್ವಲ್ಪ ವರ್ಷ ಇಟ್ಟರೆ ಏರುವುದು ಇದೇ, ತಂತಿಯ ಎತ್ತರ.

ಕೆಲವು ವಾದ್ಯಗಳ ಬೆಲೆ ಏರಿದ್ದು ಹೌದು, ಇಲ್ಲ ಅನ್ನುವುದಿಲ್ಲ. ರೋಲ್ಯಾಂಡ್ ಟಿಆರ್-808 ಅನ್ನುವ ರಿದಂ ಯಂತ್ರ 1980ರಲ್ಲಿ ಬಂತು, 1983ಕ್ಕೆ ನಿಂತೇಹೋಯಿತು. ನಿಜವಾದ ಡ್ರಮ್ಮಿನ ಹಾಗೆ ಕೇಳಿಸಲ್ಲ ಅಂತ ಮೂಗು ಮುರಿದವರೇ ಹೆಚ್ಚು. ಅಗ್ಗಕ್ಕೆ ಸಿಗುತ್ತಿದ್ದ ಅದನ್ನು ಹಿಪ್‌ಹಾಪ್ ಹುಡುಗರು ಎತ್ತಿಕೊಂಡರು, ಅದೇ ಶಬ್ದ ಹೊಸ ಸಂಗೀತವಾಯಿತು, ಬೆಲೆ ಎಲ್ಲೋ ಹೋಯಿತು. ಅದೇ ಕಾಲದ ಯಮಾಹಾ ಡಿಎಕ್ಸ್7 ಅನ್ನುವ ಕೀಬೋರ್ಡ್, 1983ರದ್ದು, ಬಂದಾಗಲೇ ದೊಡ್ಡ ಹೆಸರು ಮಾಡಿತು, ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಅಷ್ಟೊಂದು ಇರುವುದರಿಂದ ಇವತ್ತಿಗೂ ಅದಕ್ಕೆ ಆ ಮಟ್ಟದ ಪೈಪೋಟಿ ಇಲ್ಲ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ವಯಸ್ಸು, ನೋಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಾರುವ ಯೋಚನೆ ಬಂದ ತಕ್ಷಣ ಜನ ಪಾಲಿಶ್ ಡಬ್ಬಿ ತರುತ್ತಾರೆ. ದಯವಿಟ್ಟು ಬೇಡ. ಹಳೇ ವಾದ್ಯ ಹುಡುಕುವವರಿಗೆ ಮೂಲದ ವಾರ್ನಿಶ್ ಬೇಕು, ಗೀರು ಬಿದ್ದಿದ್ದರೂ ಅದೇ ಬೇಕು. ಬಣ್ಣ ಕೆರೆದು ಮತ್ತೆ ಬಳಿದ ಹಳೇ ಎಲೆಕ್ಟ್ರಿಕ್ ಗಿಟಾರಿಗೆ ಅರ್ಧ ಬೆಲೆ ಅನ್ನುವುದು ಆ ವ್ಯಾಪಾರದಲ್ಲಿ ಬಾಯಿಮಾತಿನ ಲೆಕ್ಕ. ಬಿರಡೆ ಬದಲಿಸಿದ್ದರೆ ಹಳೇ ಬಿರಡೆಗಳನ್ನು ಒಂದು ಪೊಟ್ಟಣ ಕಟ್ಟಿ ಜೊತೆಗೇ ಕೊಡಿ, ಅದಕ್ಕೂ ಬೆಲೆ ಇದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಕೆಲಸ ಕಲಿಯುವ ದಿನಗಳಲ್ಲಿ ನನ್ನದೇ ಒಂದು ಹಳೇ ಮ್ಯಾಂಡೊಲಿನ್ ಇತ್ತು. ಮಾರಬೇಕಿತ್ತು. ಮೂರು ದಿನ ಕೂತು ಮರಳುಕಾಗದ ಹಾಕಿ ಉಜ್ಜಿ, ವಾರ್ನಿಶ್ ಬಳಿದು, ಮುಖ ಕಾಣುವಷ್ಟು ಹೊಳೆಯುವ ಹಾಗೆ ಮಾಡಿದೆ. ಕೊಳ್ಳಲು ಬಂದ ಹಿರಿಯರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ಯಾರಪ್ಪ ಮಾಡಿದ್ದು ಇದನ್ನ?" ಅಂದರು. ಹೆಮ್ಮೆಯಿಂದ ನಾನೇ ಅಂದೆ. ಅವರು ಏನೂ ಹೇಳದೆ ಮ್ಯಾಂಡೊಲಿನ್ ಪೆಟ್ಟಿಗೆಯೊಳಗಿಟ್ಟು, ಎರಡೂ ಚಿಲಕ ಹಾಕಿ, ನನ್ನ ಕಡೆಗೆ ತಳ್ಳಿದರು.

ನಿಮ್ಮ ಗಿಟಾರಿಗೆ ಹೊಸ ತಂತಿ ಹಾಕಿಸಿ, ಒಣ ಬಟ್ಟೆಯಲ್ಲಿ ಒರೆಸಿ. ಫೋಟೊದಲ್ಲಿ ಗೀರುಗಳೂ ಕಾಣಲಿ. ಈ ತಿಂಗಳೇ ಮಾರಿ.