ಹಿತ್ತಲಿಗೆ ಟ್ರ್ಯಾಂಪೊಲಿನ್: ಮೊದಲು ಖಾಲಿ ಜಾಗ ಅಳೆಯಿರಿ

"ನಮ್ಮ ಹಿತ್ತಲಲ್ಲಿ 10 ಅಡಿಯ ಟ್ರ್ಯಾಂಪೊಲಿನ್ ಹಿಡಿಯುತ್ತಾ?" ಮಕ್ಕಳ ಆಟದ ಸಲಕರಣೆ ಜೋಡಿಸುವುದು ನನ್ನ ಕೆಲಸ. ಅಪ್ಪ ಅಮ್ಮಂದಿರು ನನ್ನನ್ನು ಮೊದಲು ಕೇಳುವುದು ಇದನ್ನೇ. 12 ಅಡಿ ಅಗಲದ ಜಾಗದಲ್ಲಿ 10 ಅಡಿಯದ್ದು ಹಿಡಿದೇ ಹಿಡಿಯುತ್ತದೆ. ಆದರೆ ಅಲ್ಲಿ ಅದನ್ನು ಇಡಬಾರದು.

ಅಳೆಯಬೇಕಾದದ್ದು ಅದರ ಸುತ್ತ ಉಳಿಯುವ ಜಾಗವನ್ನು. ಬ್ರಿಟನ್ನಿನಲ್ಲಿ ಅಪಘಾತ ತಡೆಗಾಗಿ ಕೆಲಸ ಮಾಡುವ ರೋಸ್ಪಾ ಸಂಸ್ಥೆ ಸುತ್ತಲೂ 2.5 ಮೀಟರ್, ಅಂದರೆ ಸುಮಾರು 8 ಅಡಿ ಖಾಲಿ ಬಿಡಿ ಎನ್ನುತ್ತದೆ. ಲೆಕ್ಕ ಹಾಕಿ ನೋಡಿ. 8 ಅಡಿಯ ಟ್ರ್ಯಾಂಪೊಲಿನ್‌ಗೆ ಆಚೆ ಈಚೆ ಸೇರಿ 24 ಅಡಿ ಬೇಕು. ಸುತ್ತ ಬಲೆ ಇರುವ ಮಾದರಿಗಳಿಗೆ ಕೆಲವು ತಯಾರಕರು ಇದಕ್ಕಿಂತ ಕಡಿಮೆ ಹೇಳುತ್ತಾರೆ. ಜೊತೆಗೆ ಬರುವ ಕೈಪಿಡಿಯಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದಿಂಚೂ ಕಡಿಮೆ ಮಾಡಬೇಡಿ. ಕಾಂಪೌಂಡ್ ಗೋಡೆ, ಬಟ್ಟೆ ಒಣಗಿಸುವ ತಂತಿ, ಕಲ್ಲಿನ ಅಂಚು, ಇವು ಯಾವುವೂ ಆ ಜಾಗದೊಳಗೆ ಇರಬಾರದು. ತಲೆ ಎತ್ತಿಯೂ ನೋಡಿ. ಮರದ ಕೊಂಬೆ, ಕರೆಂಟಿನ ತಂತಿ, ಬಾಲ್ಕನಿಯ ಅಂಚು ಮೇಲಿದ್ದರೆ ಬೇರೆ ಮೂಲೆ ಹುಡುಕಿ.

ಇಷ್ಟು ಹೇಳಿದ ಮೇಲೆ ಮುಖ ಸಪ್ಪಗಾಗುತ್ತದೆ, ನನಗೆ ಗೊತ್ತು. ಆದರೆ ಹಿತ್ತಲು ಚಿಕ್ಕದಾಗಿರುವುದರಿಂದ ಒಂದು ಲಾಭವೂ ಇದೆ. ಟ್ರ್ಯಾಂಪೊಲಿನ್ ದೊಡ್ಡದಾದಷ್ಟೂ ಅದರ ಮೇಲೆ ಹತ್ತುವ ಮಕ್ಕಳು ಜಾಸ್ತಿ. ನಿಜವಾದ ಅಪಾಯ ಇರುವುದು ಅಲ್ಲೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರ ತನ್ನ ವರದಿಯಲ್ಲಿ ಹೇಳಿದಂತೆ, ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಂದೇ ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನ ಹಾರುವಾಗ. ಅಂದ ಹಾಗೆ, ಮನೆಯಲ್ಲಿ ಟ್ರ್ಯಾಂಪೊಲಿನ್ ಬೇಡವೆಂಬುದೇ ಆ ವೈದ್ಯರ ಒಟ್ಟು ಸಲಹೆ. ಕೊಳ್ಳುವ ಮುಂಚೆ ಇದು ನಿಮಗೆ ತಿಳಿದಿರಲಿ.

ಇಬ್ಬರು ಹಾರಿದರೆ ಏನಾಗುತ್ತದೆ? ಅಣ್ಣ ಇಳಿದಾಗ ಮ್ಯಾಟ್, ಅಂದರೆ ಫ್ರೇಮಿಗೆ ಸ್ಪ್ರಿಂಗ್‌ಗಳಿಂದ ಬಿಗಿದ ಹಾರುವ ಹಾಸು, ಕೆಳಕ್ಕೆ ಜಗ್ಗುತ್ತದೆ, ಸ್ಪ್ರಿಂಗ್‌ಗಳು ಎಳೆದುಕೊಳ್ಳುತ್ತವೆ. ಅದು ವಾಪಸ್ ಮೇಲೆ ಚಿಮ್ಮುವ ಹೊತ್ತಿಗೆ ತಂಗಿ ಕೆಳಗೆ ಬರುತ್ತಿರುತ್ತಾಳೆ. ಎರಡೂ ಎದುರುಬದುರಾಗಿ ಸಿಕ್ಕರೆ ಆ ಪೆಟ್ಟೆಲ್ಲ ಅವಳ ಕಾಲಿಗೇ. ಮೊಣಕಾಲಿನ ಸ್ವಲ್ಪ ಕೆಳಗೆ ಮೂಳೆ ಬಿರುಕು ಬಿಡುವುದು ಹೀಗೆ. ಪುಟ್ಟ ಮಕ್ಕಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ಟ್ರ್ಯಾಂಪೊಲಿನ್ ಫ್ರ್ಯಾಕ್ಚರ್ ಎಂದೇ ಹೆಸರಿಟ್ಟಿದ್ದಾರೆ. ಮಗು ಹೊರಗೆ ಬಿದ್ದೇ ಇರುವುದಿಲ್ಲ, ಹಾಗಾಗಿ ಇಲ್ಲಿ ಬಲೆಯಿಂದ ಪ್ರಯೋಜನವಿಲ್ಲ. ದೊಡ್ಡವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರೂ ತಡೆಯಲಾಗುವುದಿಲ್ಲ. ಒಬ್ಬೊಬ್ಬರೇ ಹಾರಬೇಕು, ಅಷ್ಟೇ. 6 ವರ್ಷದೊಳಗಿನವರಿಗೆ ಕಾಲುಗಳ ಮೇಲೆ ನಿಲ್ಲುವ ದೊಡ್ಡ ಟ್ರ್ಯಾಂಪೊಲಿನ್ ಬೇಡವೇ ಬೇಡ.

ಆದ್ದರಿಂದ ಚಿಕ್ಕ ಹಿತ್ತಲಿಗೆ ನಾನು ಸಾಮಾನ್ಯವಾಗಿ 6 ಅಥವಾ 8 ಅಡಿಯದ್ದನ್ನೇ ಹೇಳುವುದು. ಒಂದು ವಿಷಯ ನೆನಪಿರಲಿ. ಡಬ್ಬದ ಮೇಲಿನ ಅಳತೆ ಫ್ರೇಮಿನದ್ದು, ಹಾರುವ ಮ್ಯಾಟ್ ಅದಕ್ಕಿಂತ ಸಾಕಷ್ಟು ಕಿರಿದು. ಚಿಕ್ಕವುಗಳಲ್ಲಿ ಸ್ಪ್ರಿಂಗ್ ಕೂಡ ಗಿಡ್ಡ, ಅದಕ್ಕೇ ಪುಟಿತ ಸ್ವಲ್ಪ ಬಿರುಸು. 12 ದಾಟಿದ, ಮೈಕೈ ತುಂಬಿದ ಮಕ್ಕಳಿಗೆ ಅದು ಖುಷಿ ಕೊಡುವುದಿಲ್ಲ. ಎಷ್ಟು ತೂಕದವರೆಗೆ ಎಂಬುದನ್ನೂ ನೋಡಿ. ಅದು ಹಾರುವ ಒಬ್ಬರ ತೂಕದ ಮಿತಿ. ಎರಡು ಮಕ್ಕಳ ತೂಕ ಕೂಡಿಸಿ ಸಮಾಧಾನ ಪಟ್ಟುಕೊಳ್ಳಬೇಡಿ.

ಉದ್ದವಾಗಿ ಸಪೂರ ಇರುವ ಜಾಗಕ್ಕೆ ಅಂಡಾಕಾರದವು ಚೆನ್ನಾಗಿ ಹೊಂದುತ್ತವೆ. ಆಯತಾಕಾರದವು ಜಿಮ್ನಾಸ್ಟಿಕ್ಸ್ ಕಲಿಯುವವರಿಗೆ ಸರಿ. ಸುಮ್ನೆ ಆಡುವ ಮಕ್ಕಳಿಗೆ ದುಂಡನೆಯದೇ ವಾಸಿ, ಅದು ಹಾರುವವರನ್ನು ನಡುವಿಗೇ ತಳ್ಳುತ್ತದೆ.

ಬಲೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೆಲವು ಮಾದರಿಗಳಲ್ಲಿ ಬಲೆ ಸ್ಪ್ರಿಂಗ್‌ಗಳ ಹೊರಗಿರುತ್ತದೆ, ಕೆಲವದರಲ್ಲಿ ಒಳಗೆ, ಮ್ಯಾಟಿನ ಅಂಚಿಗೇ. ಒಳಗಿರುವುದನ್ನೇ ತೊಗೊಳ್ಳಿ. ಆಗ ಮಗು ಸ್ಪ್ರಿಂಗ್ ಹತ್ತಿರವೂ ಹೋಗುವುದಿಲ್ಲ. ಹೊರಗಿದ್ದರೆ ಸ್ಪ್ರಿಂಗ್ ಮೇಲೆ ಹೊದಿಸಿದ ಪ್ಯಾಡ್ ಒಂದೇ ಗತಿ, ಅದು ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಹಾಳಾಗುವ ಭಾಗ. ಮಕ್ಕಳು ಇಲ್ಲದ ಹೊತ್ತಿನಲ್ಲಿ ಏಣಿ ತೆಗೆದಿಡಿ.

ಈಚೆಗೆ ಹಲವರು ನೆಲದ ಮಟ್ಟಕ್ಕೇ ಹೂಳಿಸಿ ಎನ್ನುತ್ತಾರೆ. ನೋಡಲು ಚೆಂದ, ಬೀಳುವ ಎತ್ತರವೂ ಕಡಿಮೆ. ಆದರೆ ಗುಂಡಿ ಅಂದರೆ ನೀರು. ಹರಿದುಹೋಗಲು ದಾರಿ ಮಾಡದಿದ್ದರೆ ಅದು ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ, ಫ್ರೇಮಿಗೆ ತುಕ್ಕು ಹಿಡಿಯುತ್ತದೆ. ಗಾಳಿಯದ್ದೂ ಒಂದು ತೊಂದರೆ. ಮ್ಯಾಟ್ ಕೆಳಗಿಳಿದಾಗ ಅಡಿಯ ಗಾಳಿ ಹೊರಬರಬೇಕು. ಇಲ್ಲದಿದ್ದರೆ ಪ್ಯಾಡ್‌ಗಳು ಪಟಪಟ ಬಡಿದುಕೊಳ್ಳುತ್ತವೆ, ಪುಟಿತ ಸತ್ತುಹೋಗುತ್ತದೆ. ಹೂಳುವುದಕ್ಕೆಂದೇ ಮಾಡಿದ ಮಾದರಿಗಳಿವೆ. ಕಾಲಿರುವ ಮಾಮೂಲಿಯದರ ಕಾಲು ತೆಗೆದು ಗುಂಡಿಗಿಳಿಸಬೇಡಿ. ಗುಂಡಿ ಅಗೆದರೂ ಸುತ್ತಲ ಖಾಲಿ ಜಾಗ ಬೇಕೇ ಬೇಕು.

ಇಡುವ ನೆಲ ಸಮತಟ್ಟಾಗಿರಲಿ, ಹುಲ್ಲಿದ್ದರೆ ಒಳ್ಳೆಯದು, ಕಾಂಕ್ರೀಟ್ ಬೇಡ. ಜೋರು ಗಾಳಿ ಬೀಸುವ ಕಡೆ ಕಾಲುಗಳನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ಬಲೆ ಕಟ್ಟಿದ ಖಾಲಿ ಟ್ರ್ಯಾಂಪೊಲಿನ್ ಬಿರುಗಾಳಿಗೆ ಪಕ್ಕದ ಮನೆಯವರೆಗೂ ಹಾರಬಲ್ಲದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಫ್ರೇಮಿನ ಹೊಳಪು ನೋಡಿ ಮರುಳಾಗುತ್ತಾರೆ. ನೀವು ಬಲೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಬಿಸಿಲಿಗೆ ಸೊರಗಿದ ಎಳೆ ಪಟ್ಟನೆ ಕಿತ್ತುಬರುತ್ತದೆ. ಮ್ಯಾಟಿನ ಅಂಚಿನ ಹೊಲಿಗೆ, ಫ್ರೇಮಿನ ಬೆಸುಗೆ, ಸ್ಪ್ರಿಂಗ್‌ಗಳ ಕೊಕ್ಕೆ ನೋಡಿ. ಹೊಸದಾದರೂ ಹಳೆಯದಾದರೂ ಆ ಮಾದರಿಗೆ ಬಲೆ, ಪ್ಯಾಡ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಅವುಗಳ ಬೆಲೆಯನ್ನೂ ಕೇಳಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.