ಎಡಚ ಬಾಕ್ಸರ್ ಅಂದರೆ ಯಾಕಿಷ್ಟು ಭಯ?

ಎಡಚರ ಮಿದುಳೇ ಬೇರೆ, ಅದಕ್ಕೇ ಅವರ ಏಟು ಬೇಗ ಬೀಳುತ್ತದೆ ಅಂತ ಹೇಳುವವರಿಗೆ ಬರವಿಲ್ಲ. ಹಾಗಿದ್ದರೆ ಈಜಿನಲ್ಲೂ ಎಡಚರೇ ತುಂಬಿರಬೇಕಿತ್ತು, ಅಲ್ವಾ? ಇಲ್ಲ. ಬಾಕ್ಸಿಂಗ್, ಕತ್ತಿವರಸೆ, ಟೇಬಲ್ ಟೆನಿಸ್‌ನಂಥ, ಎದುರಾಳಿಗೆ ಕ್ಷಣದಲ್ಲಿ ಉತ್ತರ ಕೊಡಬೇಕಾದ ಆಟಗಳಲ್ಲೇ ಅವರ ಪಾಲು ಎದ್ದು ಕಾಣುವುದು.

ಎಡಚರು ಹತ್ತರಲ್ಲಿ ಸುಮಾರು ಒಬ್ಬರು. ಹಾಗಾಗಿ ಎಡಚ ಬಾಕ್ಸರ್ ದಿನವೂ ಬಲಗೈಯವರ ಜೊತೆಗೇ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡುತ್ತಾನೆ, ಬಲಗೈಯವನಿಗೆ ಎಡಚ ಸಿಗುವುದೇ ಅಪರೂಪ. ಪರೀಕ್ಷೆಯ ದಿನ ಒಬ್ಬನಿಗೆ ಪಾಠ ಬಾಯಿಗೆ ಬರುತ್ತದೆ, ಇನ್ನೊಬ್ಬನಿಗೆ ಪುಸ್ತಕವೇ ಹೊಸದು. ಎಡಚರು ಜಾಸ್ತಿಯಾದರೆ ಈ ಲಾಭ ಕರಗಿಹೋಗುತ್ತದೆ.

ಇನ್ನು ನಿಲ್ಲುವ ಭಂಗಿ. ನನಗೆ ಇದೇ ಇಷ್ಟ. ಆರ್ಥೊಡಾಕ್ಸ್ ಬಾಕ್ಸರ್, ಅಂದರೆ ಬಲಗೈಯವರ ಭಂಗಿಯವನು, ಎಡಗಾಲು ಮುಂದಿಡುತ್ತಾನೆ, ಸೌತ್‌ಪಾ, ಅಂದರೆ ಎಡಚರ ಭಂಗಿಯವನು, ಬಲಗಾಲು. ಇಬ್ಬರೂ ಎದುರಾದರೆ ಮುಂದಿನ ಪಾದಗಳು ಒಂದರೆದುರು ಒಂದು ಬಂದು ತುಳಿದಾಟ ಶುರು, ಮುಂದಿನ ಕೈಗಳು ತಾಗಿ ಜ್ಯಾಬ್ (ಮುಂದಿನ ಕೈಯ ನೇರ ಏಟು) ಅಲ್ಲೇ ತಡೆದುಹೋಗುತ್ತದೆ. ಆಗ ಯಾರ ಪಾದ ಎದುರಾಳಿಯ ಪಾದದ ಹೊರಗಡೆ ಇದೆಯೋ ಅವನ ಹಿಂದಿನ ಕೈಗೆ ನೇರ ದಾರಿ. ಸೌತ್‌ಪಾಗೆ ಅದು ಎಡಗೈ, ಎದುರಿಗೆ ತೆರೆದುಕೊಂಡಿರುವುದು ಆರ್ಥೊಡಾಕ್ಸ್ ಬಾಕ್ಸರ್‌ನ ಬಲ ಪಕ್ಕೆ, ಲಿವರ್ ಇರುವುದೂ ಅಲ್ಲೇ. ಅಲ್ಲಿ ಸರಿಯಾಗಿ ಬಿದ್ದರೆ ತಲೆಗೆ ಏನೂ ಆಗದಿದ್ದರೂ ಕಾಲು ಕುಸಿಯುತ್ತದೆ. ಆದರೆ ದಾರಿ ಎರಡೂ ಕಡೆಗೆ ತೆರೆದಿರುತ್ತದೆ. 2012ರಲ್ಲಿ ಎಂಟು ತೂಕ ವಿಭಾಗಗಳ ಚಾಂಪಿಯನ್, ಸೌತ್‌ಪಾ ಮ್ಯಾನಿ ಪ್ಯಾಕಿಯಾವೊ ಆರನೇ ಸುತ್ತಿನಲ್ಲಿ ಆರ್ಥೊಡಾಕ್ಸ್ ಬಾಕ್ಸರ್ ಮಾರ್ಕೆಸ್‌ನ ಬಲಗೈ ಏಟಿಗೆ ಮುಖ ಅಡಿಯಾಗಿ ಬಿದ್ದ.

ಹಿಂದೆ ತರಬೇತುದಾರರು ಎಡಚ ಹುಡುಗರನ್ನು ಆರ್ಥೊಡಾಕ್ಸ್‌ಗೆ ತಿರುಗಿಸುತ್ತಿದ್ದರು, ಇವರ ಜೊತೆ ಆಡಲು ಯಾರೂ ಒಪ್ಪುವುದಿಲ್ಲ ಅಂತ. ಆದರೂ ಸೌತ್‌ಪಾ ಟೈಗರ್ ಫ್ಲವರ್ಸ್ 1926ರಲ್ಲೇ ಮಿಡಲ್‌ವೇಟ್ ಕಿರೀಟ ಗೆದ್ದಿದ್ದ, ಹೆವಿವೇಟ್‌ನಲ್ಲಿ ಮಾತ್ರ ಮೊದಲ ಸೌತ್‌ಪಾ ಚಾಂಪಿಯನ್ ಮೈಕಲ್ ಮೂರರ್ ಬಂದದ್ದು 1994ರಲ್ಲಿ. ಇನ್ನೊಬ್ಬ ಸೌತ್‌ಪಾ ಉಸಿಕ್ 2024ರಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಆ ವಿಭಾಗಕ್ಕೇ ದೊರೆಯಾದ. ನನ್ನ ಮೆಚ್ಚಿನ ಸೌತ್‌ಪಾ ಪರ್ನೆಲ್ ವಿಟೇಕರ್. ಅವನಿಗೆ ಏಟು ತಾಗಿಸುವುದೇ ಕಷ್ಟವಾಗಿತ್ತು, ಸುಮ್ನೆ ಗಾಳಿಗೆ ಗುದ್ದಿ ಸುಸ್ತಾದವರೇ ಜಾಸ್ತಿ.

ಸೌತ್‌ಪಾ ಮಾರ್ವಿನ್ ಹ್ಯಾಗ್ಲರ್‌ನ ಕಥೆ ಬೇರೆ. 1987ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ಅವನು ಆರ್ಥೊಡಾಕ್ಸ್ ಆಗಿ ಶುರು ಮಾಡಿದ. ಯಾಕೆ ಮಾಡಿದನೋ! ಸೌತ್‌ಪಾಗೆ ಮರಳುವಷ್ಟರಲ್ಲಿ ಮೊದಲ ಸುತ್ತುಗಳು ಲೆನಾರ್ಡ್ ಪಾಲಾಗಿದ್ದವು. 12 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರು ಲೆನಾರ್ಡ್ ಕಡೆ, ಒಬ್ಬರು ಹ್ಯಾಗ್ಲರ್ ಕಡೆ. ಹ್ಯಾಗ್ಲರ್ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ.